ಬೀರಪ್ಪನ ಅಂಗಳದಲ್ಲಿ ಉಳಿದ ಗುಲಾಬಿ

ಬೀರಪ್ಪನನ್ನು ನಂಬಿದ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ಒಂದು ಮೂಕ ಪ್ರಾಣಿಗೆ ‘ನೀನು ಸಾಯಿ’ ಎಂದು ನಾನು ಬಾಯಿಬಿಟ್ಟು ಹೇಳಿದ್ದೆ. ಆ ಮಾತು ನಿಜವಾಗುವ ಹೊತ್ತು ಬಂದಾಗ ನಾನು ಹೇಗೆ ಒದ್ದಾಡಿದೆ, ದೇವರು ಹೇಗೆ ಕೈಹಿಡಿದ ಎಂಬುದನ್ನು ನಿಮ್ಮ ಮುಂದೆ ಹೇಳಬೇಕೆಂದು ಬಹಳ ವರ್ಷಗಳಿಂದ ಅಂದುಕೊಂಡಿದ್ದೆ. ನಾನು ಸಾಲೆ ಕಲಿತವಳಲ್ಲ. ಹೇಳುತ್ತ ಹೋದದ್ದನ್ನು ಮೊಮ್ಮಗಳು ಬರೆದುಕೊಂಡಿದ್ದಾಳೆ. ಗಂಡನ ಹೆಸರನ್ನು ನಾನು ಹೇಳುವುದಿಲ್ಲ. ಮಾಳಪ್ಪ ಎಂದು ಅವಳೇ ಬರೆದಿದ್ದಾಳೆ. ನನ್ನ ಹೆಸರು ಲಕ್ಕವ್ವ.

ಆಗ ನಾವು ಬೀಳಗಿಯಲ್ಲಿದ್ದೆವು. ನಮ್ಮ ಮನೆಯವರು ಟಾಂಗಾ ಹೊಡೆಯುತ್ತಿದ್ದರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಹಿತ್ತಲ ಲಾಯದಲ್ಲಿ ಎರಡು ಕುದುರೆ. ಇದ್ದೊಬ್ಬ ಮಗಳನ್ನು ಲೋಕಾಪುರಕ್ಕೆ ಕೊಟ್ಟಾಗಿತ್ತು. ಎರಡು ಕುದುರೆಗಳಲ್ಲಿ ಒಂದು ಗಂಡು, ಕರಿಯ, ಎತ್ತರದ ಆಳು. ಅದರ ಮೈಕಟ್ಟು ನೋಡಿ ಪೈಲವಾನ ಎಂದು ಹೆಸರಿಟ್ಟಿದ್ದರು. ಹೆಸರಷ್ಟೇ ಪೈಲವಾನ, ಹಾರಿಬಂದ ಕಾಗದದ ಚೂರಿಗೂ ಬೆಚ್ಚುತ್ತಿತ್ತು. ಇನ್ನೊಂದು ಗುಲಾಬಿ, ಕೆಂಪು ಬಣ್ಣದ ಹೆಣ್ಣು ಕುದುರೆ. ಮುಧೋಳದ ಸರದಾರರೊಬ್ಬರ ಲಾಯದಲ್ಲಿ ಹುಟ್ಟಿದ ಮರಿ. ಹುಟ್ಟಿದ ವಾರದಲ್ಲೇ ತಾಯಿ ಸತ್ತಿತ್ತು. ಬದುಕುವುದಿಲ್ಲ ಎಂದು ಅವರು ಕೈಬಿಟ್ಟ ಮರಿಯನ್ನು ನಮ್ಮ ಮನೆಯವರು ಹೆಗಲ ಮೇಲೆ ಹೊತ್ತು ತಂದು, ಆಡಿನ ಹಾಲು ಕುಡಿಸಿ ಬೆಳೆಸಿದರು.

ನನಗೆ ಗುಲಾಬಿಯನ್ನು ಕಂಡರೆ ಆಗುತ್ತಿರಲಿಲ್ಲ. ನಗಬೇಡಿ, ಇದ್ದದ್ದನ್ನು ಹೇಳುತ್ತಿದ್ದೇನೆ. ಗಂಡ ಹೊರಗಿನಿಂದ ಬಂದರೆ ಮೊದಲು ಲಾಯಕ್ಕೆ ಹೋಗುತ್ತಿದ್ದರು, ಆಮೇಲೆ ಮನೆಗೆ. ನನ್ನೊಡನೆ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆದರೆ ಖರಾರ ಎಂಬ ಕಬ್ಬಿಣದ ಹಣಿಗೆಯಿಂದ ಗುಲಾಬಿಯ ಮೈ ಉಜ್ಜುತ್ತ ಗಂಟೆಗಟ್ಟಲೆ ಅದರ ಕಿವಿಯಲ್ಲಿ ಏನೋ ಗುಣುಗುಣು ಹೇಳುತ್ತಿರುತ್ತಿದ್ದರು. ನಾನು ಹೋಗಿ ನಿಂತರೆ ಮಾತು ನಿಲ್ಲುತ್ತಿತ್ತು. ‘ನಿಮ್ಮ ಮಗನ ದೊಡ್ಡ ಹೆಂಡತಿ ಲಾಯದಾಗ ಅದಾಳ’ ಎಂದು ಅತ್ತೆಯ ಮುಂದೆ ಚೇಷ್ಟೆ ಮಾಡುತ್ತಿದ್ದೆ. ಚೇಷ್ಟೆಯೊಳಗೆ ಒಂದು ಮುಳ್ಳಿತ್ತು.

ಒಂದು ದಿನ ನನಗೆ ಮೈ ಕಾಯುತ್ತಿದ್ದರೂ ಎದ್ದು ಅವರಿಗೆ ಬಿಸಿ ರೊಟ್ಟಿ ಬಡಿದು ಕೊಟ್ಟೆ. ಅವರು ಅದರಲ್ಲಿ ಎರಡು ರೊಟ್ಟಿ ಹಿಡಿದು ಹಿತ್ತಲಿಗೆ ನಡೆದರು. ಗುಲಾಬಿ ಕಾಲು ಕುಂಟುತ್ತಿತ್ತಂತೆ, ಸಪ್ಪಗಿತ್ತಂತೆ. ನನ್ನ ಮೈ ಮುಟ್ಟಿ ನೋಡಲಿಲ್ಲ. ಪೈಲವಾನನನ್ನು ಹೂಡಿಕೊಂಡು ಅವರು ಹೋದ ಮೇಲೆ ನಾನು ಲಾಯಕ್ಕೆ ಹೋಗಿ ಗುಲಾಬಿಯ ಮುಂದೆ ನಿಂತು, ‘ನೀ ಸತ್ತರ ನನಗ ನನ್ನ ಗಂಡ ಸಿಗತಾನ. ಸಾಯಿ’ ಅಂದೆ. ಅದಕ್ಕೆ ಏನು ತಿಳಿಯಿತೋ, ತಲೆ ಬಗ್ಗಿಸಿ ನನ್ನ ಹೆಗಲಿಗೆ ಹಣೆ ಉಜ್ಜಿತು. ನಾನು ದೂಡಿ ಒಳಗೆ ಬಂದೆ.

ಇದಾದ ಕೆಲವು ತಿಂಗಳಿಗೆ ಊರು ಬಿಡುವ ಮಾತು ಬಂತು. ದೊಡ್ಡ ಯುದ್ಧ ನಡೆದಿದ್ದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ನಿಂತಿದ್ದವು. ಓಡುತ್ತಿದ್ದ ಒಂದೆರಡು ಸರ್ವಿಸ್ ಮೋಟಾರು ಕೂಡ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಏದುತ್ತ ಹೋಗುತ್ತಿದ್ದವು. ರಬಕವಿಯ ಸೀರೆ ವ್ಯಾಪಾರಿಗಳಿಗೆ ಕುಡಚಿ ರೈಲು ಸ್ಟೇಶನ್ನಿಗೆ ಹೋಗಿಬರಲು ಟಾಂಗಾ ಬೇಕಾಗಿತ್ತು. ಪಾಯಪ್ಪ ಶೆಟ್ಟರು ಎಂದು ಜೈನರು, ತೇರದಾಳದವರು. ರಬಕವಿಯಲ್ಲಿ ಅವರ ಸೀರೆಯ ವಖಾರ, ದೊಡ್ಡ ಮಳಿಗೆ, ಇತ್ತು. ವಖಾರದ ಹಿಂದೆ ದೊಡ್ಡ ಲಾಯ, ಬೇರೆ ಬೇರೆ ಟಾಂಗಾದವರ ನಾಲ್ಕು ಕುದುರೆ ಅಲ್ಲಿ ಕಟ್ಟುತ್ತಿದ್ದರು. ‘ಎರಡು ಗೂಟ ಖಾಲಿ ಅದಾವ, ಬಾಜೂಕ ಒಂದು ಖೋಲಿನೂ ಐತಿ, ಬರ್ರಿ’ ಎಂದು ಶೆಟ್ಟರು ಹೇಳಿ ಕಳಿಸಿದರು. ಗಾಲಿಗೆ ಹೊಸ ಪಟ್ಟಿ ಹಾಕಿಸಬೇಕಿದ್ದುದರಿಂದ ಟಾಂಗಾವನ್ನು ಎಂಟು ದಿನ ಮೊದಲೇ ರಬಕವಿಗೆ ಹೋಗುವ ಗಾಡಿಯ ಹಿಂದೆ ಕಟ್ಟಿ ಕಳಿಸಿದೆವು. ಬೀಳಗಿಯ ಮನೆ, ಲಾಯ ಎರಡನ್ನೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟೆವು.

ದೀಪಾವಳಿ ಮುಗಿದ ವಾರ. ನಾಳೆ ಹೊರಡಬೇಕು ಎನ್ನುವಾಗ ನಮ್ಮ ಮನೆಯವರು ಬೀಸುವ ಕಲ್ಲನ್ನು ಎತ್ತಿ ಸಾಮಾನಿನ ಗಾಡಿಗೆ ಇಡಲು ಹೋದರು. ಕಾಲು ಜಾರಿತು. ಕಲ್ಲಿನೊಡನೆ ಕೆಳಗೆ ಬಿದ್ದರು. ತೊಡೆಯ ಎಲುಬು ಮುರಿದ ಸಪ್ಪಳ ನನ್ನ ಕಿವಿಗೆ ಬಿತ್ತು. ನೆರೆಮನೆಯ ದಸ್ತಗೀರಸಾಬರು ಅವರನ್ನು ತಮ್ಮ ಟಾಂಗಾದಲ್ಲಿ ಮಲಗಿಸಿಕೊಂಡು ಜಮಖಂಡಿಯ ದವಾಖಾನೆಗೆ ಒಯ್ದರು. ಅತ್ತೆ ಜೊತೆಗೆ ಹೋದರು. ಟಾಂಗಾದಲ್ಲಿ ಮಲಗಿಸುವಾಗ ನೋವಿನಿಂದ ಹಲ್ಲು ಕಚ್ಚಿಕೊಂಡೇ ನಮ್ಮ ಮನೆಯವರು ನನಗೆ ಹೇಳಿದ್ದು ಒಂದೇ ಮಾತು: ‘ಲಕ್ಕವ್ವಾ, ಕುದುರಿ.’

ಮರುದಿನ ಬೆಳಗ್ಗೆ ಹೊಸ ಬಾಡಿಗೆಯವರು ತಮ್ಮ ಎಮ್ಮೆಗಳೊಡನೆ ಬಂದು ಬಾಗಿಲಲ್ಲಿ ನಿಂತರು. ನಮ್ಮ ಸಾಮಾನಿನ ಗಾಡಿ ರಬಕವಿಗೆ ಹೊರಟಿತು. ಎತ್ತಿನ ಗಾಡಿಯ ಹತ್ತಿರ ಹೋದರೆ ಪೈಲವಾನ ಕುಣಿಯುತ್ತಿದ್ದ, ಹಾಗಾಗಿ ಗಾಡಿಯನ್ನು ಮುಂದೆ ಬಿಟ್ಟು ನಾನು ಎರಡೂ ಹಗ್ಗಗಳನ್ನು ಕೈಯಲ್ಲಿ ಹಿಡಿದು ಹಿಂದೆ ನಡೆದೆ. ಅಲ್ಲಿಯವರೆಗೆ ನಾನು ಕುದುರೆಗಳಿಗೆ ಹುಲ್ಲು ಹಾಕಿದ್ದುಂಟು, ಕಸ ಬಳಿದದ್ದುಂಟು. ಹಗ್ಗ ಹಿಡಿದು ದಾರಿ ನಡೆಸಿದ್ದು ಅದೇ ಮೊದಲು.

ಆ ನಡಿಗೆಯನ್ನು ಈಗ ನೆನೆಸಿದರೆ ನಗು ಬರುತ್ತದೆ. ಆಗ ಅಳು ಬಂದಿತ್ತು. ಸಣ್ಣದೊಂದು ಮೋರಿ ಅಡ್ಡ ಬಂದರೆ ಪೈಲವಾನ ನಾಲ್ಕೂ ಕಾಲು ಊರಿ ನಿಂತುಬಿಡುತ್ತಿದ್ದ. ಗುಲಾಬಿ ಮುಂದೆ ದಾಟಿ, ತಿರುಗಿ ನೋಡಿ ಒಮ್ಮೆ ಕೆನೆದರೆ ಮಾತ್ರ ಅವನು ಕಣ್ಣು ಮುಚ್ಚಿಕೊಂಡವನಂತೆ ದಾಟುತ್ತಿದ್ದ. ಅಂದರೆ ಅಷ್ಟು ದಾರಿ ಅವನನ್ನು ನಡೆಸಿದವಳು ಗುಲಾಬಿ, ನಾನಲ್ಲ. ಆದರೆ ಗುಲಾಬಿ ನೀರು ಕುಡಿಯಲೊಲ್ಲಳು. ಹಳ್ಳ ಬಂತು, ಬಾವಿ ಬಂತು, ಅವಳು ಮೂಗು ಮುಟ್ಟಿಸಿ ತಲೆ ಎತ್ತುತ್ತಿದ್ದಳು. ಸಂಜೆಗೆ ಒಂದು ಕುರಿಹಟ್ಟಿಯ ಹತ್ತಿರ ನಿಂತಾಗ ಅಲ್ಲಿಯ ಮುದುಕನೊಬ್ಬ ನನ್ನ ಪಾಡು ನೋಡಿದ.

‘ಸೀಟಿ ಹೊಡಿಯವ್ವಾ,’ ಅಂದ.

‘ಏನಂದ್ರಿ?’

‘ಟಾಂಗಾದ ಕುದುರಿ ಅಲ್ಲೇನು? ಅವಕ್ಕ ಸೀಟಿ ಹೊಡದು ನೀರು ಕುಡಿಸಿ ರೂಢಿ ಇರತೈತಿ.’

ಅವನು ತುಟಿ ಕೂಡಿಸಿ ಸಣ್ಣಗೆ, ಎಳೆದೆಳೆದು ಸೀಟಿ ಹೊಡೆದ. ಗುಲಾಬಿ ಬಾಯಿ ಇಟ್ಟವಳು ಎರಡು ಕೊಡ ನೀರು ಇಳಿಸಿದಳು. ಹಿತ್ತಲಲ್ಲಿ ದಿನಾ ಗಂಡನ ಸೀಟಿ ಕೇಳಿದ್ದೆ. ಖುಷಿಗೆ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಆ ಅಜ್ಜ ಬೀರಪ್ಪನ ಭಂಡಾರದ ಅರಿಶಿನಪುಡಿಯನ್ನು ನನ್ನ ಹಣೆಗೂ ಎರಡು ಕುದುರೆಗಳ ಹಣೆಗೂ ಹಚ್ಚಿದ. ಹಟ್ಟಿಯಲ್ಲಿ ಉಳಿದು ಮರುದಿನ ಮಧ್ಯಾಹ್ನ ಕಳೆದ ಮೇಲೆ ಜಮಖಂಡಿ ಸೇರಿದೆ.

ದವಾಖಾನೆಯ ಹೊರಗಿನ ಬೇವಿನ ಮರಕ್ಕೆ ಕುದುರೆ ಕಟ್ಟಿ ಒಳಗೆ ಹೋದೆ. ಕಾಲಿಗೆ ಹಲಗೆ ಕಟ್ಟಿ, ಮಂಚದ ತುದಿಯಿಂದ ಉಸುಕಿನ ಚೀಲ ಇಳಿಬಿಟ್ಟು ಅವರನ್ನು ಮಲಗಿಸಿದ್ದರು. ಆರು ವಾರ ಅಲುಗಾಡಬಾರದು ಎಂದು ಡಾಕ್ಟರು ಹೇಳಿದ್ದರಂತೆ. ನನ್ನನ್ನು ನೋಡಿದ ಕೂಡಲೇ ಕೇಳಿದರು:

‘ಗುಲಾಬಿ ನೀರು ಕುಡದಳೇನು?’

ನನಗೆ ಸಿಟ್ಟು ನೆತ್ತಿಗೇರಿತು. ‘ನಾ ಕುಡದೇನೋ ಇಲ್ಲೋ ಮೊದಲ ಕೇಳ್ರಿ,’ ಅಂದೆ. ಆಚೆಯ ಮಂಚದವರು ಗೊಳ್ಳೆಂದು ನಕ್ಕರು.

ಅವರು ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ಮೆಲ್ಲಗೆ, ‘ಸೀಟಿ ಹೊಡ್ಯಾಕ ಕಲಿಬೇಕಾಕ್ಕೈತಿ ನೀ,’ ಅಂದರು.

‘ಹೆಣ್ಮಗಳು ಸೀಟಿ ಹೊಡಿತಾಳೇನೋ ಎಲ್ಲೆರ?’ ಎಂದು ಅತ್ತೆ ಗದರಿದರು.

‘ಆರು ವಾರ ನೀರು ಕುಡಿಲಾರದ ಹೆಂಗ ಇರತೈತಿ ಬೇ ಅದು?’

ಅತ್ತೆ ಸುತ್ತಲೂ ಕಣ್ಣಾಡಿಸಿದರು. ಆಮೇಲೆ ಸೆರಗನ್ನು ನನ್ನ ಮುಖದ ಮುಂದೆ ಅಡ್ಡ ಹಿಡಿದು, ‘ಹೊಡಿ. ಲಗೂ ಕಲಿ. ಯಾರೂ ನೋಡೂದಿಲ್ಲ,’ ಅಂದರು. ಹಾಗೆ ಜಮಖಂಡಿಯ ದವಾಖಾನೆಯಲ್ಲಿ, ಅತ್ತೆಯ ಸೆರಗಿನ ಮರೆಯಲ್ಲಿ, ನಾನು ಸೀಟಿ ಹೊಡೆಯಲು ಕಲಿತೆ. ಮೊದಲು ಬರೀ ಗಾಳಿ ಬಂತು. ‘ತುಟಿ ತೊಯ್ಸು. ನಾಲಗಿ ಕೆಳಗ ಇಡು,’ ಎಂದು ಮಂಚದ ಮೇಲಿಂದ ಅವರು ಹೇಳಿಕೊಡುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅಂದೇ.

ಮರುದಿನ ಸಂಜೆಗೆ ರಬಕವಿ ಸೇರಿದೆ. ಪಾಯಪ್ಪ ಶೆಟ್ಟರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಅಂದು ತಮ್ಮ ಊಟ ಬಿಟ್ಟು ಬಂದು ಬಾಗಿಲಲ್ಲಿ ನಿಂತು ಕುದುರೆಗಳನ್ನು ಒಳಗೆ ಬಿಡಿಸಿದರು. ಲಾಯದ ಹಿರಿಯ ಖಾದರಸಾಬರು ಎಂಬ ಟಾಂಗಾದವರು, ಗಡ್ಡ ಬೆಳ್ಳಗಾಗಿತ್ತು, ಕುದುರೆಗಳ ಮಧ್ಯದಲ್ಲೇ ಬಾಳಿದವರು. ಗುಲಾಬಿಯ ಹಲ್ಲು, ಗೊರಸು ನೋಡಿ, ‘ಭಾಳ ಛಲೋ ಸಾಕ್ಯಾನ ನಿನ್ನ ಗಂಡ,’ ಅಂದರು. ಎರಡೂ ಕುದುರೆಗಳಿಗೆ ಒಂದರ ಪಕ್ಕದಲ್ಲಿ ಒಂದು ಗೂಟ ಕೊಟ್ಟರು. ಹೊಸ ಜಾಗವೆಂದು ಪೈಲವಾನ ನಡುಗುತ್ತಿದ್ದ. ಗುಲಾಬಿ ಅವನ ಕುತ್ತಿಗೆಯ ಮೇಲೆ ಗದ್ದ ಇಟ್ಟು ನಿಂತಳು.

ಮೂರು ದಿನ ಎಲ್ಲ ಸರಿ ನಡೆಯಿತು. ನಾನು ಕೊಡ ಇಟ್ಟು ಸೀಟಿ ಹೊಡೆದರೆ ಆ ಓಣಿಯ ಮಗ್ಗಗಳ ಸಪ್ಪಳ ನಿಂತು, ಕಿಟಕಿಗಳಲ್ಲಿ ಹೆಂಗಸರ ಮುಖ ಕಾಣುತ್ತಿದ್ದವು. ‘ಬೀಳಗಿ ಕಡೆಯಿಂದ ಸೀಟಿ ಹೊಡಿಯೋ ಹೆಣ್ಮಗಳು ಬಂದಾಳ’ ಎಂದು ನಗುತ್ತಿದ್ದರು. ನಕ್ಕವರೇ ಮಜ್ಜಿಗೆಯನ್ನೂ ತಂದುಕೊಟ್ಟರು.

ನಾಲ್ಕನೆಯ ದಿನ ಗುಲಾಬಿ ನೆನೆಸಿದ ಹುರಳಿಯನ್ನು ಮೂಸಲಿಲ್ಲ. ಮೈ ಸುಡುತ್ತಿತ್ತು. ಮೂಗಿನಿಂದ ದಪ್ಪ ಸಿಂಬಳ ಇಳಿಯುತ್ತಿತ್ತು. ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಬಾವು. ಖಾದರಸಾಬರು ಬಂದು ಬಾವು ಮುಟ್ಟಿದವರು ಕೈ ಹಿಂದೆ ತೆಗೆದರು. ಹೊರಗೆ ಹೋಗಿ ಬೂದಿ ಹಚ್ಚಿ ಕೈ ತೊಳೆದುಕೊಂಡು ಬಂದರು.

‘ತಂಗಿ, ನಾ ಹೇಳೂದು ಸಿಟ್ಟಿಗೆ ಅಲ್ಲ,’ ಅಂದರು. ‘ಹರೇದಾಗ ಒಂದು ಕಡೆ ಚಾಕರಿಗೆ ಇದ್ದಾಗ ಇಂಥಾದ್ದು ನೋಡೇನಿ. ಮೂಗಿನ ಬೇನಿ ಅಂತಾರ. ಒಂದು ಕುದುರಿಗೆ ಬಂದ್ರ ಲಾಯಕ್ಕೆಲ್ಲಾ ಬಂತು. ಮನಷ್ಯಾರಿಗೂ ಹತ್ತತೈತಿ. ಅದಕ್ಕ ಔಷಧ ಇಲ್ಲ. ಸರಕಾರದವರು ಗುಂಡು ಹಾಕಿ ಸುಡತಾರ.’

ಉಳಿದ ಟಾಂಗಾದವರು ಶೆಟ್ಟರ ಮುಂದೆ ಹೋಗಿ ನಿಂತರು. ಅವರ ತಪ್ಪೂ ಇರಲಿಲ್ಲ. ಅವರ ಮನೆಗಳು ಆ ಕುದುರೆಗಳ ಮೇಲೇ ನಡೆಯುತ್ತಿದ್ದವು. ಶೆಟ್ಟರು ಬಂದು ಬಹಳ ಹೊತ್ತು ಗುಲಾಬಿಯನ್ನು ನೋಡಿದರು.

‘ಒಂದು ಜೀವ ಹೋಗಲಿ ಅನ್ನೂ ಮಾತು ನನ್ನ ಬಾಯಾಗ ಬರೂದಿಲ್ಲ, ಲಕ್ಕವ್ವಾ. ಖರೆ, ಇಲ್ಲಿ ಇನ್ನ ನಾಕ ಜೀವ ಅದಾವ. ಇಕಿನ್ನ ಬ್ಯಾರೆ ಕಡೆ ಇಡೋಣು. ಡಾಕ್ಟರಿಗೆ ನಾ ಹೇಳಿ ಕಳಸತೇನಿ.’

ವಾರಕ್ಕೊಮ್ಮೆ ಪಕ್ಕದ ಬನಹಟ್ಟಿಗೆ ಬರುವ ದನದ ಡಾಕ್ಟರು ಅಂದೇ ಸಿಕ್ಕಿದರು. ಗುಲಾಬಿಯ ಮುಖವನ್ನು ಸೂರ್ಯನ ಕಡೆ ತಿರುಗಿಸಿ ಮೂಗಿನ ಹೊರಳೆಗಳ ಒಳಗೆಲ್ಲ ನೋಡಿದರು. ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಎರಡು ಬೇನೆಗಳಿವೆಯಂತೆ, ಶುರುವಿನಲ್ಲಿ ಎರಡೂ ಒಂದೇ ತರಹ ಕಾಣುತ್ತವಂತೆ. ಒಂದು ಗಂಟಲಬಾವು, ಬಾವು ಹಣ್ಣಾಗಿ ಒಡೆದು ಕೀವು ಹೋದರೆ ಕುದುರೆ ಉಳಿಯುತ್ತದೆ. ಇನ್ನೊಂದು ಖಾದರಸಾಬರು ಹೇಳಿದ್ದು. ಅದರಲ್ಲಿ ಬಾವು ಕಲ್ಲಿನಂತೆ ಗಟ್ಟಿಯಾಗಿ ಕೂತು, ಮೂಗಿನೊಳಗೆ ಹುಣ್ಣು ಏಳುತ್ತವೆ.

‘ಪರೀಕ್ಷೆ ಮಾಡುವ ಔಷಧ ಹೊರಗಿನಿಂದ ಬರಬೇಕು. ಮುಂದಿನ ಸೋಮವಾರ ತರುತ್ತೇನೆ,’ ಅಂದರು. ‘ಅಗಸಿ ಬೀಜ ಅರೆದು ಬಿಸಿ ಮಾಡಿ ಬಾವಿನ ಮೇಲೆ ಕಟ್ಟುತ್ತಿರು. ಕೈಯಲ್ಲಿ ಗಾಯ ಇದ್ದರೆ ಮುಟ್ಟಬೇಡ. ಅಷ್ಟರಲ್ಲಿ ಬಾವು ಒಡೆದರೆ ಒಳ್ಳೆಯದು. ಹುಣ್ಣು ಕಂಡರೆ ಮಾತ್ರ, ತಾಯಿ, ನನ್ನ ಕೈಯಲ್ಲಿ ಏನೂ ಇಲ್ಲ. ಕಾಯಿದೆ ಹಾಗಿದೆ.’

ಗುಲಾಬಿಯನ್ನು ಎಲ್ಲಿಗೆ ಒಯ್ಯುವುದು? ಬೇನೆಯ ಕುದುರೆಗೆ ಯಾರು ಅಂಗಳ ಕೊಡುತ್ತಾರೆ? ಊರ ಹೊರಗೆ ನಮ್ಮ ಬೀರಪ್ಪನ ಗುಡಿ ಇತ್ತು. ಸುತ್ತ ಕಲ್ಲಿನ ಗೋಡೆ, ಒಳಗೆ ಒಂದು ಬೇವಿನ ಮರ, ಕುರಿ ಕೂಡುವ ತಗಡಿನ ಚಪ್ಪರ. ಕುರಿಗಳು ಆಗ ಹೊಲಗಳಿಗೆ ಹೋಗಿದ್ದವು. ಗುಡಿಯ ಪೂಜಾರಿ ಸಿದ್ದಪ್ಪಜ್ಜನ ಮುಂದೆ ಕೈಮುಗಿದು ನಿಂತು, ಏನೂ ಮುಚ್ಚಿಡದೆ ಹೇಳಿದೆ.

‘ಒಳಗ ಕರಕೊಂಬಾ,’ ಅಂದ ಅಜ್ಜ. ‘ಬೀರಪ್ಪ ಕುರಿ ಹಿಂದ ಅಡ್ಡಾಡಿದಾಂವ. ಮೂಕ ಜೀವಕ್ಕ ಜಾಗಾ ಇಲ್ಲ ಅನ್ನಾಕ ಅವಗ ಬರೂದಿಲ್ಲ.’

ಪೈಲವಾನನನ್ನು ಲಾಯದಲ್ಲೇ ಬಿಟ್ಟು, ಆ ಅಂಗಳದಲ್ಲಿ ನಾನು ಗುಲಾಬಿಯೊಡನೆ ಏಳು ದಿನ ಕಳೆದೆ. ದಿನಕ್ಕೆ ನಾಲ್ಕು ಸಲ ಅಗಸಿ ಅರೆದು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟುತ್ತಿದ್ದೆ. ಬೇವಿನ ಎಲೆ ಕುದಿಸಿದ ನೀರಿನ ಹಬೆ ಮೂಗಿಗೆ ಹಿಡಿಯುತ್ತಿದ್ದೆ. ಬಾವು ನಿಂಬೆಹಣ್ಣಿನಿಂದ ತೆಂಗಿನಕಾಯಿಯಷ್ಟಾಯಿತು, ಒತ್ತಿದರೆ ಕಲ್ಲು. ಉಸಿರು ಹಳೆಯ ಗರಗಸದಂತೆ ಕೊರೆಯುತ್ತಿತ್ತು. ಹುಲ್ಲು ಇಲ್ಲ, ನೀರು ಕೂಡ ಗುಟುಕು ಗುಟುಕು. ಖಾದರಸಾಬರು ದಿನಾ ಬಂದು ಗೋಡೆಯ ಆಚೆ ನಿಂತು, ‘ಹೆಂಗದಾಳ?’ ಎಂದು ಕೂಗಿ ಕೇಳುತ್ತಿದ್ದರು. ಅವರ ಕುದುರೆಯೂ ಅದೇ ಲಾಯದಲ್ಲಿ, ಒಳಗೆ ಬರುವಂತಿರಲಿಲ್ಲ. ಗೋಡೆಯ ಮೇಲೆ ಅಗಸಿಯ ಗಂಟು ಇಟ್ಟು ಹೋಗುತ್ತಿದ್ದರು.

ಮುಟ್ಟಿ ಮುಟ್ಟಿ ನನಗೆ ಗುಲಾಬಿ ತಿಳಿಯುತ್ತ ಹೋದಳು. ಎಡಗಿವಿಯ ಹಿಂದೆ ಕೆರೆದರೆ ಕಣ್ಣು ಅರೆಮುಚ್ಚುತ್ತಾಳೆ. ನಾನು ಎದ್ದು ಹೋದರೆ ತಲೆ ಎತ್ತಲಾಗದಿದ್ದರೂ ಕಿವಿ ಮಾತ್ರ ನನ್ನ ಹಿಂದೆ ತಿರುಗುತ್ತವೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಇದನ್ನೆಲ್ಲ ನೋಡಿರಲಿಲ್ಲ. ಜಮಖಂಡಿಯಿಂದ ಬಂದ ಒಬ್ಬರ ಕೂಡ ಅತ್ತೆ ಹೇಳಿ ಕಳಿಸಿದ್ದರು: ‘ಗುಲಾಬಿ ಹೆಂಗದಾಳ ಅಂತ ದಿನಾ ಕೇಳಾಕತ್ಯಾನ, ಒಂದು ಮಾತು ಹೇಳಿ ಕಳಸು.’ ನಾನು, ‘ಅರಾಮ ಅದಾಳ ಅಂತ ಹೇಳ್ರಿ,’ ಅಂದೆ. ಆ ಸುಳ್ಳು ಹೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ.

ರವಿವಾರ ಮಧ್ಯಾಹ್ನ ಗುಲಾಬಿಯ ಮುಂಗಾಲು ಮಡಚಿದವು. ಕುದುರೆ ನೆಲ ಹಿಡಿದರೆ ಮುಗಿಯಿತು ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ಗೋಡೆಯಾಚೆಯಿಂದ ನೋಡುತ್ತಿದ್ದ ಖಾದರಸಾಬರು ಆ ಹೊತ್ತು ಏನನ್ನೂ ನೋಡದೆ ಒಳಗೆ ನುಗ್ಗಿ ಬಂದರು. ಅವರು ಒಂದು ಕಡೆ, ಅಜ್ಜ ಒಂದು ಕಡೆ ಹೆಗಲು ಕೊಟ್ಟು ಅವಳನ್ನು ಎಬ್ಬಿಸಿ, ಹೊಟ್ಟೆಯ ಕೆಳಗೆ ಗೋಣಿಪಟ್ಟೆ ಹಾಕಿ ಚಪ್ಪರದ ತೊಲೆಗೆ ಬಿಗಿದು ನಿಲ್ಲಿಸಿದರು. ‘ನಾಳೆ ತನಕ ತಡೀತಾಳೋ ಇಲ್ಲೋ,’ ಎಂದು ಖಾದರಸಾಬರು ಕಣ್ಣು ಒರೆಸಿಕೊಂಡರು. ಆ ದಿನದಿಂದ ಅವರು ತಮ್ಮ ಕುದುರೆಯ ಹತ್ತಿರವೂ ಹೋಗದೆ, ಮಗನ ಕೈಯಲ್ಲಿ ನೋಡಿಸಿದರು.

ನಾನು ಗುಡಿಯ ಒಳಗೆ ಹೋದೆ. ಹೂವಿಲ್ಲ, ಕಾಯಿಲ್ಲ, ಅಗಸಿಯ ಜಿಡ್ಡು ಹತ್ತಿದ ಕೈ. ನೆಲಕ್ಕೆ ಹಣೆ ಹಚ್ಚಿ ಹೇಳಿದೆ:

‘ಎಪ್ಪಾ ಬೀರಪ್ಪಾ, ನಾ ಅಕಿಗೆ ಸಾಯಿ ಅಂದಿದ್ದೆ. ನೀ ಅದನ್ನ ಕೇಳಿದ್ದಿ. ಅದು ನನ್ನ ಹೊಟ್ಟಿಕಿಚ್ಚಿನ ಮಾತು, ನನ್ನ ಮಾತಲ್ಲ. ಆ ಮಾತಿಗೆ ಜೀವಾ ತಗೋಬ್ಯಾಡ. ಅಕಿ ಉಳದ್ರ, ನಾ ಏನಂದಿದ್ದೆ ಅನ್ನೂದನ್ನ ನನ್ನ ಗಂಡನ ಮುಂದ ನನ್ನ ಬಾಯಿಲೇ ಹೇಳತೇನಿ. ಅಂವ ನನ್ನ ಮುಖಾ ನೋಡಲಿಲ್ಲ ಅಂದ್ರೂ ಅಡ್ಡಿಯಿಲ್ಲ.’

ಬೆಳ್ಳಿಯ ಕುದುರೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತುಕೊಳ್ಳಲು ನನ್ನಲ್ಲಿ ಏನಿತ್ತು? ಇದ್ದದ್ದು ಆ ಗುಟ್ಟು ಒಂದೇ. ಅಜ್ಜ ಭಂಡಾರ ಕೊಟ್ಟ. ಹೊರಗೆ ಬಂದು ಬಾವನ್ನು ಬಿಟ್ಟು ಹಣೆಗೆ, ಕುತ್ತಿಗೆಗೆ ಹಚ್ಚಿದೆ. ಬೆಳಗಿನ ತನಕ ಗುಲಾಬಿ ನಿಂತೇ ಇದ್ದಳು.

ಸೋಮವಾರ. ಡಾಕ್ಟರು ಹನ್ನೆರಡರ ಸರ್ವಿಸ್ ಮೋಟಾರಿಗೆ ಬರುತ್ತಾರೆ ಎಂದು ಶೆಟ್ಟರು ಹೇಳಿ ಕಳಿಸಿದ್ದರು. ಅವರ ಹಿಂದೆ ಬಂದೂಕಿನವರೂ ಬರುತ್ತಾರೇನೋ ಎಂದು ಮತ್ತೆ ಮತ್ತೆ ದಾರಿಯ ಕಡೆ ನೋಡುತ್ತಿದ್ದೆ. ಹತ್ತು ಗಂಟೆಯ ಸುಮಾರಿಗೆ ಊರ ಕಡೆಯಿಂದ ಗದ್ದಲ ಕೇಳಿತು. ಎದ್ದು ನೋಡಿದರೆ, ಕಿತ್ತ ಗೂಟವನ್ನು ಹಗ್ಗದ ತುದಿಯಲ್ಲಿ ಎಳೆದುಕೊಂಡು ಪೈಲವಾನ ಬರುತ್ತಿದ್ದ!

ಆಮೇಲೆ ಜನ ಹೇಳಿದರು. ವಖಾರದ ಬಾಗಿಲು ದಾಟಿ, ಪೇಟೆಯ ನಡುವೆ, ಸೀರೆಯ ಗಂಟು ಹೊತ್ತ ಗಾಡಿಗಳ ಸಂದಿಯಲ್ಲಿ, ಬಣ್ಣದ ನೂಲು ಒಣಹಾಕಿದ ಗಳಗಳ ಕೆಳಗೆ ತಲೆ ಬಗ್ಗಿಸಿ ಬಂದನಂತೆ. ದಾರಿಯಲ್ಲಿ ಎರಡು ಮೋರಿ ಇದ್ದವು. ಕಾಗದದ ಚೂರಿಗೆ ಬೆಚ್ಚುವ ಆ ಅಂಜುಬುರುಕನನ್ನು ಯಾರೂ ಕರೆಯಲಿಲ್ಲ, ಯಾರೂ ದಾರಿ ತೋರಿಸಲಿಲ್ಲ. ಅವನು ಆ ಗುಡಿಯನ್ನು ಒಮ್ಮೆಯೂ ನೋಡಿದವನಲ್ಲ. ಗೋಡೆಯ ಹತ್ತಿರ ಬಂದು ಕೆನೆದ. ಏಳು ದಿನ ಸಪ್ಪಳ ಮಾಡದಿದ್ದ ಗುಲಾಬಿ ಒಳಗಿನಿಂದ ಸಣ್ಣ ದನಿ ತೆಗೆದಳು.

‘ತಡೀರಿ, ಒಳಗ ಬಿಡಬ್ಯಾಡ್ರಿ, ಅಂವಗೂ ಹತ್ತತೈತಿ!’ ಎಂದು ನಾನು ಓಡಿದೆ. ಅಷ್ಟರಲ್ಲಿ ಅವನು ನನ್ನನ್ನು ದಾಟಿ ಚಪ್ಪರದ ಕೆಳಗೆ ಹೋಗಿ ಅವಳ ಮಗ್ಗುಲಿಗೆ ನಿಂತಿದ್ದ. ಲಾಯದಲ್ಲಿ ಪ್ರತಿದಿನ ಮಾಡುತ್ತಿದ್ದಂತೆ ಗುಲಾಬಿ ತನ್ನ ಭಾರವಾದ ತಲೆಯನ್ನು ಎತ್ತಿ ಅವನ ಕುತ್ತಿಗೆಯ ಮೇಲೆ ಇಟ್ಟಳು. ಇಟ್ಟು ಒಮ್ಮೆ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು. ಬಾವು ಒಡೆಯಿತು.

ಎಷ್ಟು ಕೀವು ಎಂದು ಹೇಳಲಾರೆ. ಪೈಲವಾನನ ಎದೆ, ನನ್ನ ಸೀರೆ, ನೆಲ ಎಲ್ಲ ತೊಯ್ದಿತು. ಆ ನಾತಕ್ಕೆ ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನು ಅದರ ಮಧ್ಯದಲ್ಲೇ ಕೂತು ಅತ್ತುಬಿಟ್ಟೆ. ಖಾದರಸಾಬರು ಎರಡೂ ಕೈ ಮೇಲೆತ್ತಿ ತಮ್ಮ ದೇವರನ್ನು ನೆನೆದರು. ಅಜ್ಜ ಭಂಡಾರದ ಚೀಲವನ್ನೇ ಬೋರಲು ಹಾಕಿ ಮರ, ಚಪ್ಪರ, ಕುದುರೆ, ಜನ ಎನ್ನದೆ ತೂರಿದ.

ಕೊಡದಲ್ಲಿ ನೀರು ಇಟ್ಟೆ. ಸೀಟಿ ಹೊಡೆಯಬೇಕೆಂದರೆ ಅಳುವ ತುಟಿ ಕೂಡಲೊಲ್ಲವು. ಗುಲಾಬಿ ಕಾಯಲಿಲ್ಲ. ತಾನೇ ಬಾಯಿ ಇಟ್ಟು ಕೊಡದ ತಳ ಕಾಣುವ ತನಕ ಕುಡಿದಳು.

ಡಾಕ್ಟರು ಬಂದವರು ಬಾವು ನೋಡಿ, ಮೂಗಿನ ಒಳಗೆ ನೋಡಿ, ಒಂದೂ ಹುಣ್ಣಿಲ್ಲ ಅಂದರು. ತಂದ ಔಷಧದ ಪರೀಕ್ಷೆಯನ್ನೂ ಮಾಡಿ, ಎರಡು ದಿನ ಬನಹಟ್ಟಿಯಲ್ಲೇ ಉಳಿದು ಖಾತ್ರಿ ಮಾಡಿಕೊಂಡರು. ಗಂಟಲಬಾವೇ. ‘ಇಂದು ಒಡೆಯದಿದ್ದರೆ ಉಸಿರು ಕಟ್ಟಿ ಹೋಗುತ್ತಿತ್ತು,’ ಅಂದರು. ಪೈಲವಾನನಿಗೂ ಮುಂದಿನ ವಾರ ಸ್ವಲ್ಪ ಬಂತು, ಲಘುವಾಗಿ ಬಂದು ಹೋಯಿತು. ಮೊದಲೇ ಬೇರೆ ಮಾಡಿದ್ದರಿಂದ ಉಳಿದ ನಾಲ್ಕಕ್ಕೆ ಏನೂ ಆಗಲಿಲ್ಲ. ಲಾಯಕ್ಕೆ ಸುಣ್ಣ ಬಳಿಸಿ, ನಮ್ಮ ಎರಡನ್ನೂ ತಿರುಗಿ ಒಳಗೆ ಕರೆದ ದಿನ ಶೆಟ್ಟರು ಊರ ಕುದುರೆಗಳಿಗೆಲ್ಲ ಬೆಲ್ಲ ತಿನ್ನಿಸಿದರು.

ಹೊಟ್ಟೆ ಸ್ವಲ್ಪ ತಣ್ಣಗಾದ ಮೇಲೆ ನನ್ನ ಹರಕೆ ನನ್ನೆದುರು ಬಂದು ನಿಂತಿತು. ಎರಡು ದಿನ ಮುಂದೂಡಿದೆ. ಮೂರನೆಯ ದಿನ ಇದ್ದಲ ಹೊಗೆಯ ಮೋಟಾರು ಹತ್ತಿ ಜಮಖಂಡಿಗೆ ಹೋದೆ. ಏರು ಬಂದಲ್ಲೆಲ್ಲ ನಾವೇ ಇಳಿದು ಅದನ್ನು ದೂಡಿದೆವು. ದಾರಿಯುದ್ದಕ್ಕೂ ಆ ಮಾತನ್ನು ಹೇಗೆ ತೆಗೆಯಲಿ ಎಂದು ಮನಸ್ಸಿನಲ್ಲೇ ಕಟ್ಟಿ ಕಟ್ಟಿ ಬಿಚ್ಚುತ್ತಿದ್ದೆ.

ಅತ್ತೆ ನೀರು ತರಲು ಹೋಗಿದ್ದರು. ನಾನು ಮಂಚದ ಹತ್ತಿರ ನೆಲದ ಮೇಲೆ ಕೂತು ಮೊದಲಿನಿಂದ ಎಲ್ಲ ಹೇಳಿದೆ. ಬೇನೆ, ಗುಡಿ, ಪೈಲವಾನ. ಕೊನೆಗೆ ರೊಟ್ಟಿಯ ದಿನದ ಮಾತು ಹೇಳಿ, ‘ನಾ ಅಕಿಗೆ ಸಾಯಿ ಅಂದಿದ್ದೆರಿ,’ ಎಂದು ತಲೆ ತಗ್ಗಿಸಿದೆ.

ಬಯ್ಯಲಿ, ಎದ್ದು ಹೋಗು ಅನ್ನಲಿ ಎಂದು ಕಾದೆ. ಅವರ ಕೈ ಬಂದು ನನ್ನ ತಲೆಯ ಮೇಲೆ ಕೂತಿತು.

‘ಆ ದಿನ ನಿನಗ ಮೈಯಾಗ ಅರಾಮ ಇದ್ದಿಲ್ಲ ಅಂತ ನನಗ ಗೊತ್ತಿತ್ತು,’ ಅಂದರು. ‘ರೊಟ್ಟಿ ಕೊಡೂಮುಂದ ಕೈ ಸುಡತಿತ್ತು ನಿಂದು. ಏನ ಮಾತಾಡ್ಲಿ ತಿಳೀಲಿಲ್ಲ. ಲಾಯಕ್ಕ ಹೋಗಿ ಅಕಿ ಮುಂದ ಹೇಳೀನಿ, ಲಕ್ಕವ್ವಗ ಜ್ವರ ಬಂದಾವ, ನನಗ ಅಂಜಿಕಿ ಆಗಾಕತ್ತೈತಿ ಅಂತ.’

ನಾನು ತಲೆ ಎತ್ತಿ ನೋಡಿದೆ.

‘ಸಣ್ಣಾಂವ ಇದ್ದಾಗಿಂದ ಕುರಿ ಕುದುರಿ ಕೂಡ ಮಾತಾಡಿ ರೂಢಿ ನನಗ. ಮನಷ್ಯಾರ ಮುಂದ ಬಾಯಿ ಬರೂದಿಲ್ಲ. ಅಷ್ಟು ವರ್ಷ ಅಕಿ ಕಿವಿಯಾಗ ನಾ ಏನ ಹೇಳತಿದ್ದೆ ಅಂತ ತಿಳದಿದ್ದಿ? ನಿನ್ನ ಸುದ್ದಿನ. ನಿನ್ನ ಸುದ್ದಿ ಬಿಟ್ಟು ಮತ್ತೇನೂ ಇಲ್ಲ.’

ಅಷ್ಟರಲ್ಲಿ ಅತ್ತೆ ಬಂದರು. ನಾವಿಬ್ಬರೂ ಕಣ್ಣೀರು ಹಾಕುತ್ತಿದ್ದುದನ್ನು ನೋಡಿ ಗಾಬರಿಯಾಗಿ, ‘ಕುದುರಿ ಸತ್ತಿತೇನ?’ ಅಂದರು. ಆಚೆಯ ಮಂಚದವರು ಮತ್ತೊಮ್ಮೆ ನಕ್ಕರು.

ಸಂಕ್ರಾಂತಿಯ ಹೊತ್ತಿಗೆ ಅವರು ಕೋಲು ಊರಿಕೊಂಡು ರಬಕವಿಗೆ ಬಂದರು. ಗುಲಾಬಿ ಆಮೇಲೆ ಎಷ್ಟೋ ವರ್ಷ ಕುಡಚಿಯ ದಾರಿ ತುಳಿದಳು. ಸಂಸ್ಥಾನಗಳೆಲ್ಲ ಹೋಗಿ ಹೊಸ ಸರಕಾರ ಬಂದ ವರ್ಷ, ವಯಸ್ಸಾಗಿ, ಪೈಲವಾನನ ಪಕ್ಕದಲ್ಲಿ ಪ್ರಾಣ ಬಿಟ್ಟಳು. ಆಗ ನಮ್ಮ ಮನೆಯವರಿಗಿಂತ ಹೆಚ್ಚು ಅತ್ತವಳು ನಾನು.

ಗೂಟ ಸಡಿಲವಾಗಿತ್ತು, ಕುದುರೆ ಕಿತ್ತುಕೊಂಡು ಬಂತು, ಬಾವು ಹಣ್ಣಾಗಿತ್ತು, ಒಡೆಯಿತು ಎಂದು ಹೇಳುವವರಿದ್ದಾರೆ. ಇರಲಿ. ಅವರೊಡನೆ ನನಗೆ ಜಗಳವಿಲ್ಲ. ಆ ಏಳು ದಿನ ಆ ಅಂಗಳದಲ್ಲಿ ಇದ್ದವಳು ನಾನು. ಮನಸ್ಸು ಕೆಟ್ಟಾಗ ನಮ್ಮ ಬಾಯಿಂದ ಏನೇನೋ ಬೀಳುತ್ತದೆ, ಅಕ್ಕತಂಗಿಯರೆ. ಅದೆಲ್ಲ ಫಲಿಸಿದರೆ ನಮ್ಮ ಮನೆಗಳಲ್ಲಿ ಒಂದು ಜೀವವೂ ಉಳಿಯದು. ನಾನು ಆಡಿದ ಎರಡು ಮಾತುಗಳೂ, ಸಾಯಿ ಅಂದದ್ದೂ ಉಳಿಸು ಅಂದದ್ದೂ, ಬೀರಪ್ಪನ ಕಿವಿಗೆ ಬಿದ್ದಿದ್ದವು. ಯಾವುದನ್ನು ಬಿಡಬೇಕು, ಯಾವುದನ್ನು ನಡೆಸಿಕೊಡಬೇಕು ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ತಂದೆಯ ಪಾದಕ್ಕೆ ನನ್ನ ಹಣೆ.